ಕೆಂಪಾದ ಕೆನ್ನೆಗೆ ಕಾಫಿಪುಡಿ ಉಜ್ಜಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯ ಸೌಂದರ್ಯ ಸಲಹೆಯಲ್ಲಿ, ಕೆಂಪಾಗಿ ಒರಟಾದ ಕೆನ್ನೆಗೆ ಕಾಫಿಪುಡಿ, ಸಕ್ಕರೆ, ನಿಂಬೆರಸ ಕಲಸಿ ಐದು ನಿಮಿಷ ಉಜ್ಜಿ ಎಂದು ಬರೆದಿತ್ತು. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಯಾವುದಾದರೂ ಸ್ಕಿನ್ ಕ್ರೀಮ್ ಹಚ್ಚಬಹುದು ಎಂದೂ ಇತ್ತು. ಎರಡೂ ತಪ್ಪು, ಎರಡನೆಯದು ಇನ್ನೂ ದೊಡ್ಡ ತಪ್ಪು. ಕಾಫಿಪುಡಿ ಗೀರಿದ ಚರ್ಮ ಕೆಲವೇ ದಿನಗಳಲ್ಲಿ ಮಾಯುತ್ತದೆ. ಆ 'ಯಾವುದಾದರೂ ಕ್ರೀಮ್' ಮಾಡಿದ ಹಾನಿ ಸರಿಹೋಗಲು ತಿಂಗಳುಗಳೇ ಬೇಕು. ಕೊಡಗು ಜಿಲ್ಲೆಯ ಓದುಗರಿಗೆ ಉಪಯೋಗವಾದೀತೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಇದು ಯಾವ ಕೆಂಪು ಎಂದು ನೋಡಬೇಕು. ಚಳಿಗಾಳಿಯಲ್ಲಿ ನಡೆದು ಬಂದಾಗಲೋ ಒಲೆಯ ಮುಂದೆ ನಿಂತಾಗಲೋ ಕೆಂಪಾಗಿ, ಅರ್ಧ ಗಂಟೆಯಲ್ಲಿ ಇಳಿದುಹೋಗುವ ಕೆನ್ನೆಗೆ ಔಷಧ ಬೇಡ. ಮೂಗು, ಎರಡೂ ಕೆನ್ನೆ, ಗದ್ದ, ಹಣೆಯ ನಡುಭಾಗ ತಿಂಗಳುಗಟ್ಟಲೆ ಕೆಂಪಾಗಿಯೇ ಉಳಿದು, ಬಿಸಿಲಿಗೆ, ಬಿಸಿನೀರಿಗೆ, ಖಾರಕ್ಕೆ ಭುಗಿಲೆದ್ದು ಉರಿಯುತ್ತಿದ್ದರೆ ಅದು ರೊಸೇಶಿಯಾ ಎಂಬ ದೀರ್ಘಕಾಲದ ಚರ್ಮದ ಕಾಯಿಲೆ ಇರಬಹುದು. ಕೆಲವರಿಗೆ ಅದರ ಮೇಲೆ ಸಣ್ಣ ಕೆಂಪು ಗುಳ್ಳೆ, ಕೀವುಗುಳ್ಳೆ ಏಳುತ್ತವೆ. ಮೊಡವೆ ಎಂದು ತಪ್ಪು ತಿಳಿಯುವುದು ಇಲ್ಲೇ. ಮೊಡವೆಯಲ್ಲಿ ರಂಧ್ರ ಕಟ್ಟಿದ ಕರಿತಲೆ, ಬಿಳಿತಲೆಗಳಿರುತ್ತವೆ, ರೊಸೇಶಿಯಾದಲ್ಲಿ ಇರುವುದಿಲ್ಲ. ಮೊಡವೆಯೆಂದುಕೊಂಡು ಸ್ಯಾಲಿಸಿಲಿಕ್ ಆ್ಯಸಿಡ್ ಫೇಸ್‌ವಾಶ್, ಟ್ರೆಟಿನಾಯಿನ್ ಜೆಲ್ ಹಚ್ಚಿದವರ ಮುಖ ಇನ್ನಷ್ಟು ಉರಿಯುತ್ತದೆ.

ಇದು ಬಿಳಿಯರ ಕಾಯಿಲೆ, ನಮಗೆಲ್ಲಿ ಬರುತ್ತದೆ ಎಂಬ ಮಾತಿದೆ. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣದೆ ಕಂದು ಅಥವಾ ನೇರಳೆ ಛಾಯೆಯಾಗಿ ಕಾಣುವುದರಿಂದ ಗುರುತು ಹಿಡಿಯುವುದು ತಡವಾಗುತ್ತದೆ, ಅಷ್ಟೇ. ಅಂಥವರು ಬಣ್ಣಕ್ಕಿಂತ ಉರಿ, ಚುರುಚುರು, ಮುಖ ಬಿಸಿಯೇರುವುದನ್ನು ಗಮನಿಸಬೇಕು. ತೆಳುವಾದ ಗಾಜಿನ ಲೋಟದ ಬದಿಯನ್ನು ಕೆನ್ನೆಗೆ ಮೆಲ್ಲಗೆ ಒತ್ತಿ ನೋಡಿ. ರಕ್ತನಾಳ ಹಿಗ್ಗಿ ಬಂದ ಕೆಂಪಾದರೆ ಒತ್ತಿದಾಗ ಮಾಸಿ, ತೆಗೆದ ಕೂಡಲೇ ಮರಳುತ್ತದೆ. ಬಂಗು ಆದರೆ ಒತ್ತಿದರೂ ಹೋಗುವುದಿಲ್ಲ.

ಎಲ್ಲ ಕೆಂಪೂ ರೊಸೇಶಿಯಾ ಅಲ್ಲ. ಅಂಚು ಎದ್ದು, ನಡುವೆ ತಿಳಿಯಾಗಿ, ತುರಿಕೆಯೊಂದಿಗೆ ಹರಡುವುದು ಹುಳುಕಡ್ಡಿ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗದ ದಿನಗಳಲ್ಲಿ ಅದಕ್ಕೆ ಬರವಿಲ್ಲ. ಮೂಗಿನ ಪಕ್ಕದ ಮಡಿಕೆ, ಹುಬ್ಬುಗಳಲ್ಲಿ ಎಣ್ಣೆಯಂಥ ಹೊಟ್ಟು ಉದುರುತ್ತಿದ್ದರೆ ಅದು ಸೆಬೊರಿಕ್ ಡರ್ಮಟೈಟಿಸ್. ಮೂಗಿನ ಪಕ್ಕದ ಮಡಿಕೆಯನ್ನು ಬಿಟ್ಟು ಎರಡೂ ಕೆನ್ನೆಗೆ ಚಿಟ್ಟೆಯಾಕಾರದಲ್ಲಿ ಕೆಂಪು ಬಂದು, ಜೊತೆಗೆ ಕೀಲುನೋವು, ಬಾಯಿಹುಣ್ಣು ಇದ್ದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರಬಹುದು, ರಕ್ತಪರೀಕ್ಷೆ ಬೇಕು. ಕೆಂಪು ಅಥವಾ ತಾಮ್ರದ ಬಣ್ಣದ ಮಚ್ಚೆಯ ಮೇಲೆ ಸ್ಪರ್ಶ ಗೊತ್ತಾಗದಿದ್ದರೆ, ಕಿವಿಯ ಹಾಲೆ ದಪ್ಪಗಾಗಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಲೇಬೇಕು. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಸಂಕೋಚಪಟ್ಟು ತಡಮಾಡಬೇಡಿ.

ಇನ್ನು ಆ 'ಯಾವುದಾದರೂ ಕ್ರೀಮ್' ವಿಷಯ. ಮನೆಯಲ್ಲಿರುವ ಟ್ಯೂಬನ್ನು ತಿರುಗಿಸಿ ಹಿಂಬದಿ ನೋಡಿ. ಬ್ಯಾಚ್ ನಂಬರು, ಬೆಲೆಯ ಆಸುಪಾಸಿನಲ್ಲಿ ಕಣ್ಣಿಗೆ ಕಷ್ಟ ಕೊಡುವಷ್ಟು ಸಣ್ಣ ಅಕ್ಷರದಲ್ಲಿ ಔಷಧದ ಹೆಸರುಗಳಿರುತ್ತವೆ. ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಕ್ಲೊಬೆಟಾಸೋಲ್ ಎಂದು 'ಸೋನ್', 'ಸೋಲ್' ಎಂದು ಮುಗಿಯುವ ಹೆಸರು ಕಂಡರೆ ಅದು ಬಹುಮಟ್ಟಿಗೆ ಸ್ಟೀರಾಯ್ಡ್. (ಕೀಟೊಕೊನಜೋಲ್, ಕ್ಲೊಟ್ರಿಮಜೋಲ್ ಬೇರೆ. ಅವುಗಳ ಕೊನೆ 'ಜೋಲ್', ಅವು ಶಿಲೀಂಧ್ರಕ್ಕೆ.) ಬೆಳ್ಳಗಾಗಲು ಎಂದು ಕೈಯಿಂದ ಕೈಗೆ ಹೋಗುವ ಕ್ರೀಮುಗಳಲ್ಲಿ ಹೆಚ್ಚಾಗಿ ಇರುವುದು ಹೈಡ್ರೊಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%. ಬಂಗಿಗೆ ವೈದ್ಯರು ಕೆಲವೇ ವಾರಗಳಿಗೆಂದು ಬರೆಯುವ ಔಷಧ ಅದು. ಅದನ್ನೇ ಜನ ವರ್ಷಗಟ್ಟಲೆ ಪೌಡರಿನ ಬದಲು ಹಚ್ಚುತ್ತಾರೆ. ಹುಳುಕಡ್ಡಿಗೆಂದು ಮಾರುವ ಹಲವು ಮಿಶ್ರಣಗಳಲ್ಲಿ ಕ್ಲೊಬೆಟಾಸೋಲ್ ಸೇರಿರುತ್ತದೆ.

ಸ್ಟೀರಾಯ್ಡ್ ಹಚ್ಚಿದ ಮೊದಲ ವಾರ ಮುಖ ತಿಳಿಯಾಗುತ್ತದೆ. ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತ ತಗ್ಗಿಸುತ್ತದೆ. ಮೋಸ ಶುರುವಾಗುವುದೇ ಅಲ್ಲಿಂದ. ಹಚ್ಚುತ್ತಾ ಹೋದಂತೆ ಚರ್ಮ ತೆಳುವಾಗುತ್ತದೆ, ನಾಳಗಳು ಗೆರೆಗೆರೆಯಾಗಿ ಹೊರಗೆ ಕಾಣುತ್ತವೆ, ಮುಖದಲ್ಲಿ ಕೂದಲು ಬರುತ್ತದೆ, ಕೀವುಗುಳ್ಳೆ ಏಳುತ್ತದೆ. ನಿಲ್ಲಿಸಿದರೆ ಒಂದೆರಡು ವಾರದೊಳಗೆ ಮುಖ ಹಿಂದೆಂದೂ ಇಲ್ಲದಷ್ಟು ಕೆಂಪೇರುತ್ತದೆ. ಇದನ್ನು ಕಂಡು ಹೆದರಿ ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ, ಹೀಗಾಗಿ ಬಿಡಲಾಗದ ಚಟವಾಗುತ್ತದೆ. ಮುಖದ ಚರ್ಮದ ತೊಂದರೆಗೆ ಬಂದವರನ್ನು ಕುರಿತು ದೇಶದ ಹಲವು ಕೇಂದ್ರಗಳ ಚರ್ಮರೋಗ ತಜ್ಞರು ಸೇರಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2,926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಯವರನ್ನು ಕಂಡು ಸಿಡುಕುವ ಗಿರಾಕಿಗಳು ಇದನ್ನು ನೆನಪಿಡಬೇಕು.

ಬಹಳ ದಿನ ಹಚ್ಚಿದವರು ಒಮ್ಮೆಲೇ ತಾವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಕೆಲವರಿಗೆ ಕಡಿಮೆ ಬಲದ ಮುಲಾಮಿಗೆ ಇಳಿಸಿ ಬಿಡಿಸಬೇಕಾಗುತ್ತದೆ, ಕೆಲವರಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಅಥವಾ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಬೇಕಾಗುತ್ತದೆ. ಎರಡು ಮೂರು ತಿಂಗಳ ತಾಳ್ಮೆ ಬೇಕು.

ಹಾಗಾದರೆ ರೊಸೇಶಿಯಾಕ್ಕೆ ಹಚ್ಚುವುದೇನು? ಗುಳ್ಳೆಗಳಿದ್ದರೆ ಮುಖ್ಯವಾಗಿ ಮೂರು ಔಷಧಗಳಿವೆ. ಮೆಟ್ರೊನಿಡಜೋಲ್ 0.75% ದಿನಕ್ಕೆ ಎರಡು ಸಲ, ಅಥವಾ 1% ದಿನಕ್ಕೆ ಒಂದು ಸಲ. ಇದು ಸೌಮ್ಯ, ಹಳೆಯದು, ನಂಬಬಹುದಾದದ್ದು. ಒಂದು ಎಚ್ಚರಿಕೆ ಮಾತ್ರ: ಅಂಗಡಿಯಲ್ಲಿ ಇದೇ ಹೆಸರಿನ ವಸಡಿನ ಜೆಲ್ ಕೂಡ ಇರುತ್ತದೆ, ಅದರಲ್ಲಿ ಕ್ಲೋರ್‌ಹೆಕ್ಸಿಡಿನ್ ಬೆರೆತಿರುತ್ತದೆ. ಅದನ್ನು ಮುಖಕ್ಕೆ ಹಚ್ಚಿದರೆ ಉರಿ ಏಳುತ್ತದೆ, ಡಬ್ಬಿಯ ಮೇಲೆ ಹಲ್ಲಿನ ಚಿತ್ರವಿದೆಯೇ ನೋಡಿಕೊಳ್ಳಿ. ಎರಡನೆಯದು ಅಝೆಲಾಯಿಕ್ ಆ್ಯಸಿಡ್ 15% ಜೆಲ್, ದಿನಕ್ಕೆ ಎರಡು ಸಲ. ಗುಳ್ಳೆ ಹೋದ ಮೇಲೆ ಉಳಿಯುವ ಕಪ್ಪು ಕಲೆಯನ್ನೂ ಇದು ತಿಳಿಗೊಳಿಸುವುದರಿಂದ ನಮ್ಮ ಚರ್ಮಕ್ಕೆ ಹೊಂದುತ್ತದೆ. ಗರ್ಭಿಣಿಯರಿಗೂ ಸಾಮಾನ್ಯವಾಗಿ ಇದನ್ನೇ ಆರಿಸುತ್ತಾರೆ. ಮೊದಲ ಕೆಲವು ವಾರ ಚುರುಗುಟ್ಟುತ್ತದೆ. ದಿನ ಬಿಟ್ಟು ದಿನ ರಾತ್ರಿ ಮಾತ್ರ ಶುರುಮಾಡಿ, ಮಾಯಿಶ್ಚರೈಸರ್ ಮೊದಲು ಹಚ್ಚಿ ಅದರ ಮೇಲೆ ಜೆಲ್ ಹಚ್ಚಿದರೆ ತಡೆದುಕೊಳ್ಳಬಹುದು.

ಮೂರನೆಯದು ಐವರ್‌ಮೆಕ್ಟಿನ್ 1% ಕ್ರೀಮ್, ದಿನಕ್ಕೆ ಒಂದೇ ಸಲ. ಚರ್ಮದ ರಂಧ್ರಗಳಲ್ಲಿ ಎಲ್ಲರಿಗೂ ಇರುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳು ರೊಸೇಶಿಯಾ ಇರುವವರಲ್ಲಿ ಹೆಚ್ಚಿರುತ್ತದೆ. ಈ ಔಷಧ ಅದನ್ನು ಕಡಿಮೆ ಮಾಡುತ್ತದೆ, ಉರಿಯೂತವನ್ನೂ ಇಳಿಸುತ್ತದೆ. 16 ವಾರಗಳ ಒಂದು ಹೋಲಿಕೆಯಲ್ಲಿ ಐವರ್‌ಮೆಕ್ಟಿನ್ ಹಚ್ಚಿದವರ ಗುಳ್ಳೆಗಳು 83%ರಷ್ಟು, ಮೆಟ್ರೊನಿಡಜೋಲ್ ಹಚ್ಚಿದವರವು ಸುಮಾರು 74%ರಷ್ಟು ಕಡಿಮೆಯಾದವು. ತೋಟದ ಮನೆಗಳಲ್ಲಿ ನಾಯಿ, ದನಗಳ ಉಣ್ಣೆಗೆಂದು ಇಟ್ಟಿರುವ ಐವರ್‌ಮೆಕ್ಟಿನ್ ದ್ರಾವಣವೂ ಇದೇ ತಾನೇ ಎಂದು ಮುಖಕ್ಕೆ ಸವರಬೇಡಿ. ಅದರ ಪ್ರಮಾಣ ಬೇರೆ, ಕರಗಿಸಿದ ದ್ರವ ಬೇರೆ.

ಗುಳ್ಳೆಯಿಲ್ಲದೆ ಬರೀ ಕೆಂಪಿದ್ದರೆ ಈ ಮೂರೂ ಹೆಚ್ಚು ಕೆಲಸ ಮಾಡುವುದಿಲ್ಲ. ಅದಕ್ಕೆ ನಾಳಗಳನ್ನು ತಾತ್ಕಾಲಿಕವಾಗಿ ಕುಗ್ಗಿಸುವ ಔಷಧಗಳಿವೆ. ಬ್ರಿಮೊನಿಡಿನ್ 0.33% ಜೆಲ್‌ಗೆ ಅಮೆರಿಕದಲ್ಲಿ 2013ರಲ್ಲಿ, ಆಕ್ಸಿಮೆಟಾಝೊಲಿನ್ 1% ಕ್ರೀಮಿಗೆ 2017ರಲ್ಲಿ ಅನುಮತಿ ಸಿಕ್ಕಿತು. ಬ್ರಿಮೊನಿಡಿನ್ ಹಚ್ಚಿದ ಅರ್ಧ ಗಂಟೆಯಲ್ಲಿ ಮುಖ ತಿಳಿಯಾಗುತ್ತದೆ, ಸುಮಾರು 12 ಗಂಟೆಯೊಳಗೆ ಪರಿಣಾಮ ಇಳಿಯುತ್ತದೆ. ಮದುವೆ ಮನೆಗೆ ಹೋಗುವ ದಿನಕ್ಕೆ ಸರಿ, ಆದರೆ ಕೆಲವರಿಗೆ ಪರಿಣಾಮ ಇಳಿದಾಗ ಮೊದಲಿಗಿಂತ ಹೆಚ್ಚು ಕೆಂಪು ಮರಳುತ್ತದೆ. ಅದಕ್ಕೇ ಮೊದಲು ದವಡೆಯ ಬಳಿ ಚಿಕ್ಕ ಜಾಗದಲ್ಲಿ, ಮನೆಯಲ್ಲೇ ಇರುವ ದಿನ ಹಚ್ಚಿ ನೋಡಬೇಕು. ಹೃದಯದ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ಇರುವವರು ವೈದ್ಯರಿಗೆ ತಿಳಿಸಬೇಕು. ಮಕ್ಕಳ ಕೈಗೆ ಸಿಗಕೂಡದು, ನುಂಗಿದರೆ ಅಪಾಯ. ಮೂಗು ಕಟ್ಟಿದಾಗ ಬಿಡುವ ಡ್ರಾಪ್ಸ್‌ನಲ್ಲಿ ಆಕ್ಸಿಮೆಟಾಝೊಲಿನ್ ಇರುವುದು 0.05% ಮಾತ್ರ, ಅದನ್ನು ಮುಖಕ್ಕೆ ಸವರಿ ಪ್ರಯೋಜನವಿಲ್ಲ. ದಾರದಂತೆ ಎದ್ದು ಕಾಣುವ ನಾಳಗಳಿಗೆ ಯಾವ ಮುಲಾಮೂ ನಾಟುವುದಿಲ್ಲ, ಲೇಸರ್ ಬೇಕು.

ಔಷಧ ಸರಿಯಿದ್ದೂ ಗುಣವಾಗದಿದ್ದರೆ ಬಹಳ ಸಲ ಕಾರಣ ಹಚ್ಚುವ ರೀತಿ. ಬಚ್ಚಲ ಹಂಡೆಯ ಕುದಿನೀರನ್ನು ಮುಖಕ್ಕೆ ಸುರಿದುಕೊಂಡು, ಸೋಪು ತಿಕ್ಕಿ, ಒರಟು ಟವೆಲಿನಲ್ಲಿ ಉಜ್ಜಿ, ಒದ್ದೆ ಮುಖಕ್ಕೇ ಕ್ರೀಮ್ ಹಚ್ಚಿದರೆ ಯಾವ ಔಷಧವೂ ಉರಿಯುತ್ತದೆ. ಸೋಪು ಕ್ಷಾರ, ಚರ್ಮ ತುಸು ಆಮ್ಲ. ಸೋಪಿಲ್ಲದ ಕ್ಲೆನ್ಸರ್ ಬಳಸಿ, ಉಗುರುಬೆಚ್ಚಗಿನ ನೀರಿನಲ್ಲಿ ಬೆರಳತುದಿಯಿಂದ ತೊಳೆದು, ಹತ್ತಿ ಬಟ್ಟೆಯನ್ನು ಒತ್ತಿ ನೀರು ಹೀರಿಸಿ. ಹತ್ತು ನಿಮಿಷ ಬಿಡಿ. ಐವರ್‌ಮೆಕ್ಟಿನ್ ಆದರೆ ಹಣೆ, ಮೂಗು, ಗದ್ದ, ಎರಡು ಕೆನ್ನೆ, ಹೀಗೆ ಐದು ಜಾಗಕ್ಕೆ ಒಂದೊಂದು ಸಣ್ಣ ಬಟಾಣಿ ಕಾಳಿನಷ್ಟು ಇಟ್ಟು ತೆಳುವಾಗಿ ಹರಡಿ. ಒಟ್ಟು ಸುಮಾರು ಒಂದು ಗ್ರಾಂ, ಅಂದರೆ 30 ಗ್ರಾಂ ಟ್ಯೂಬ್ ಒಂದು ತಿಂಗಳಿಗೆ. ಅದೇ ಟ್ಯೂಬ್ ಹತ್ತೇ ದಿನಕ್ಕೆ ಮುಗಿದರೆ ಹೆಚ್ಚು ಹಚ್ಚುತ್ತಿದ್ದೀರಿ, ಮೂರು ತಿಂಗಳು ಬಂದರೆ ಗುಳ್ಳೆಯ ಮೇಲಷ್ಟೇ ಚುಕ್ಕೆ ಇಡುತ್ತಿದ್ದೀರಿ. ಔಷಧವನ್ನು ಇಡೀ ಜಾಗಕ್ಕೆ ಹಚ್ಚಬೇಕು, ಗುಳ್ಳೆಗಷ್ಟೇ ಅಲ್ಲ. ಕಣ್ಣು, ತುಟಿಯ ಅಂಚು ಬಿಡಿ. ಔಷಧ ಹೀರಿದ ಮೇಲೆ ವಾಸನೆಯಿಲ್ಲದ ಮಾಯಿಶ್ಚರೈಸರ್ (ಅಝೆಲಾಯಿಕ್ ಚುರುಗುಟ್ಟುವವರಿಗೆ ಮಾತ್ರ ಅದು ಮೊದಲು). ಫಲ ಕಾಣಲು ನಾಲ್ಕು ವಾರ, ಪೂರ್ತಿ ಕಾಣಲು 12ರಿಂದ 16 ವಾರ. ಎರಡನೇ ವಾರಕ್ಕೇ ಬೇರೆ ಟ್ಯೂಬಿಗೆ ಹಾರುವವರಿಗೆ ಯಾವುದೂ ಹಿಡಿಯುವುದಿಲ್ಲ.

ಬಿಸಿಲನ್ನು ಮರೆತರೆ ಇದೆಲ್ಲ ವ್ಯರ್ಥ. ಎತ್ತರ 1,000 ಮೀಟರ್ ಹೆಚ್ಚಿದರೆ ನೇರಳಾತೀತ ಕಿರಣ ಸುಮಾರು 10% ಹೆಚ್ಚು, ಮಡಿಕೇರಿ ಅದಕ್ಕಿಂತಲೂ ಎತ್ತರದಲ್ಲಿದೆ. ತಣ್ಣಗಿದೆ, ಮಂಜಿದೆ ಎಂದು ನಂಬಬೇಡಿ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಹರಡಿ ತಿರುವುವವರಿಗೆ ಮೇಲಿಂದ ಬಿಸಿಲು, ಸಿಮೆಂಟು ನೆಲದಿಂದ ಝಳ. ಅಗಲ ಅಂಚಿನ ಟೋಪಿ ಮೊದಲು, ಸನ್‌ಸ್ಕ್ರೀನ್ ಆಮೇಲೆ. ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ, ಸತುವಿನ ಆಕ್ಸೈಡ್ ಇರುವುದು ಉರಿಯುವುದು ಕಡಿಮೆ. ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಿ, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಕಾಫಿಪುಡಿ ಉಜ್ಜಬೇಡಿ ಎಂದೆವು, ಆದರೆ ಕುಡಿಯುವ ಕಾಫಿಯ ಮೇಲೆ ನಮ್ಮ ತಕರಾರಿಲ್ಲ. ಕಾಫಿಯಿಂದ ಮುಖ ಕೆಂಪಾಗುವುದು ಅದರ ಬಿಸಿಗೆ, ಕೆಫೀನಿಗೆ ಅಲ್ಲ ಎಂದು 1981ರಷ್ಟು ಹಿಂದೆಯೇ ತೋರಿಸಲಾಗಿದೆ: 60 ಡಿಗ್ರಿ ಬಿಸಿನೀರೂ ಅಷ್ಟೇ ಕೆಂಪು ಮಾಡಿತು, ಆರಿದ ಕಾಫಿ ಮಾಡಲಿಲ್ಲ. 2018ರಲ್ಲಿ ಅಮೆರಿಕದ ಸುಮಾರು 82,000 ಮಹಿಳೆಯರ ಮಾಹಿತಿ ನೋಡಿದಾಗ, ದಿನಕ್ಕೆ ನಾಲ್ಕು ಕಪ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವವರಲ್ಲಿ ರೊಸೇಶಿಯಾ ಕಡಿಮೆಯೇ ಕಂಡಿತು. ಹಾಗೆಂದು ಕಾಫಿ ಔಷಧವಲ್ಲ, ಆದರೂ ಬೆಳೆಗಾರರು ಬೇಸರಪಡಬೇಕಿಲ್ಲ. ಸ್ವಲ್ಪ ಆರಿಸಿ ಕುಡಿಯಿರಿ. ಮದ್ಯ, ಪಂದಿಕರಿಯ ಖಾರದ ವಿಷಯದಲ್ಲಿ ಎಲ್ಲರಿಗೂ ಒಂದೇ ನಿಯಮವಿಲ್ಲ. ಯಾವುದು ತಿಂದ, ಕುಡಿದ ದಿನ ಮುಖ ಕೆರಳಿತೆಂದು ಒಂದು ತಿಂಗಳು ಬರೆದಿಟ್ಟರೆ ನಿಮ್ಮದು ಯಾವುದೆಂದು ತಿಳಿಯುತ್ತದೆ.

ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚುತ್ತಿದ್ದರೆ, ಮೂಗು ದಪ್ಪಗಾಗುತ್ತಿದ್ದರೆ ಮುಲಾಮಿನಲ್ಲಿ ಕಾಲ ಕಳೆಯಬೇಡಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಾಗಲಿ, ನಿಮಗೆ ಹತ್ತಿರದ ಚರ್ಮರೋಗ ತಜ್ಞರಲ್ಲಾಗಲಿ ತೋರಿಸಿ. ಹೋಗುವ ದಿನ ಪೌಡರು, ಕ್ರೀಮ್ ಹಚ್ಚಬೇಡಿ. ಮುಖ ಅತಿ ಕೆಂಪಾಗಿದ್ದ ದಿನದ ಫೋಟೊ ಮೊಬೈಲಿನಲ್ಲಿರಲಿ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಅಕ್ಕಪಕ್ಕದವರು ಕೊಟ್ಟದ್ದನ್ನೂ ಹಿಂಡಿ ಖಾಲಿಯಾದದ್ದನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.

ಇಬ್ಬರು ಚರ್ಮರೋಗ ವೈದ್ಯರು,
ಮಡಿಕೇರಿ