ಮಗಳಿಗೊಂದು ಪತ್ರ: ಗ್ರೀಸ್ ಅಲ್ಲ, ಎಣ್ಣೆ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ‘ಆ ಕಾರನ್ನು ಗುಜರಿಗೆ ಹಾಕು’ ಎಂದುಬಿಟ್ಟೆ. ನೀನು ಬೆಂಗಳೂರಿನಲ್ಲಿ ಬಿಚ್ಚಿ ಹೊಸದು ಮಾಡುತ್ತಿರುವ ಅಜ್ಜನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ವಿಷಯದಲ್ಲಿ ಆ ಮಾತು ನನ್ನ ಬಾಯಲ್ಲಿ ಬರಬಾರದಿತ್ತು, ಬೇಸರ ಮಾಡಿಕೊಳ್ಳಬೇಡ. ಆದರೆ ಶಿವಾಜಿನಗರದ ಗುಜರಿಯಲ್ಲಿ ಮುಂದಿನ ಚಕ್ರಗಳನ್ನು ಕೆಳಗಿನಿಂದ ಹಿಡಿದಿಡುವ ಹಳೆಯ ಟ್ರನಿಯನ್ ಜೋಡಿ ಅಗ್ಗಕ್ಕೆ ಸಿಕ್ಕಿತು ಎಂದು ನೀನು ಕುಣಿಯುತ್ತಿದ್ದಾಗ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತನಾಡುತ್ತೇವೆ. ಬರೆದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಕಾರು ಲಾರಿ ಹತ್ತಿ ತೋಟದಿಂದ ಹೊರಟ ದಿನದ ಕಥೆ ಬೇಡ, ನೀನೂ ಅಲ್ಲೇ ಇದ್ದೆ. ನಿನಗೆ ನೆನಪಿಲ್ಲದ ಇನ್ನೊಂದು ದಿನವಿದೆ. ಧರ್ಮಸ್ಥಳದಿಂದ ವಾಪಸು ಬರುತ್ತಿದ್ದೆವು. ಅಜ್ಜ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ನೀನು ಹಿಂದೆ ಅಮ್ಮನ ತೊಡೆಯ ಮೇಲೆ ಮಲಗಿದ್ದೆ, ಇನ್ನೂ ಶಾಲೆಗೆ ಸೇರಿರಲಿಲ್ಲ. ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟೆವು. ಹೋಟೆಲಿನ ಮುಂದೆ ಕಾರು ತಿರುಗಿಸಲು ಅಜ್ಜ ಸ್ಟೇರಿಂಗನ್ನು ಕೊನೆಯವರೆಗೆ ಎಳೆದರು. ಹೆರಾಲ್ಡ್ 25 ಅಡಿ ವ್ಯಾಸದಲ್ಲಿ ಸುತ್ತು ಹೊಡೆಯುತ್ತದೆ. ಅದು ಅಜ್ಜನ ಜಂಬ, ಅಂಬಾಸಿಡರ್ ಇದ್ದವರ ಎದುರು ಬೇಕೆಂದೇ ತಿರುಗಿಸಿ ತೋರಿಸುತ್ತಿದ್ದರು. ಆ ದಿನ ಲಟಕ್ ಎಂದಿತು. ಬಲಗಡೆಯ ಮುಂದಿನ ಚಕ್ರ ಒಳಕ್ಕೆ ಮಡಚಿಕೊಂಡಿತು, ಕಾರಿನ ಮೂತಿ ನೆಲಕ್ಕೆ ಕುಕ್ಕರಿಸಿತು. ನಿನಗೆ ಎಚ್ಚರವೂ ಆಗಲಿಲ್ಲ.

ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ, ನಿಜ. ಆದರೆ ಅರ್ಧ ಗಂಟೆ ಮೊದಲು ನಾವು ಎಲ್ಲಿದ್ದೆವು ಎಂದು ಯೋಚಿಸು. ನಾನಂತೂ ಇಂದಿಗೂ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದರೂ ಒಂದೊಂದು ತಿರುವಿನಲ್ಲಿ ‘ಇಲ್ಲಿ ಆಗಿದ್ದರೆ’ ಎಂದುಕೊಳ್ಳುತ್ತೇನೆ. ಅಜ್ಜ ಆಮೇಲೆ ಆ ಕಾರನ್ನು ಮುಟ್ಟಲಿಲ್ಲ. ಕಾರಣ ಕೇಳಿದವರಿಗೆ ‘ಪೆಟ್ರೋಲ್ ದುಬಾರಿ’ ಎನ್ನುತ್ತಿದ್ದರು.

ಮುರಿದದ್ದು ಏನು ಎಂದು ಈಗ ನೋಡು. ಚಕ್ರವನ್ನು ಹಿಡಿದಿರುವ ಉಕ್ಕಿನ ವರ್ಟಿಕಲ್ ಲಿಂಕ್‌ನ ಕೆಳತುದಿಯಲ್ಲಿ ಥ್ರೆಡ್, ಅಂದರೆ ಸ್ಕ್ರೂವಿನಂಥ ಸುರುಳಿ ಗೆರೆ, ಇದೆ. ಅದು ಕಂಚಿನ ಟ್ರನಿಯನ್‌ನೊಳಗೆ ಕೂರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಈ ಥ್ರೆಡ್ಡೇ ತಿರುಗಬೇಕು. ಅದಕ್ಕೆ ಹಾಕಬೇಕಾದದ್ದು 90ರ ಗೇರ್ ಎಣ್ಣೆ. ಫಿಯೆಟ್‌ನ ಮುಂದಿನ ಚಕ್ರ ತಿರುಗಿಸುವ ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆದು ಪಳಗಿದ ಕೈ ಇದಕ್ಕೂ ಗ್ರೀಸನ್ನೇ ಹೊಡೆಯುತ್ತದೆ. ಗ್ರೀಸ್ ಒಳಗೆ ಗಟ್ಟಿಯಾಗಿ ಕೂರುತ್ತದೆ, ಥ್ರೆಡ್‌ಗೆ ಮುಟ್ಟುವುದಿಲ್ಲ. ನಮ್ಮ ಮಳೆಗಾಲದ ನೀರು ಇಳಿಯುತ್ತದೆ, ಉಕ್ಕು ತುಕ್ಕು ಹಿಡಿದು ಸವೆದು ಒಂದು ದಿನ ಮುರಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನೀನು ತಂದ ಜೋಡಿ ಮೇಲೆ ಥಳಥಳ ಹೊಳೆಯುತ್ತದೆ ಎಂದೆಯಲ್ಲ, ಕಂಚು ಹೊಳೆಯದೆ ಇನ್ನೇನು ಮಾಡುತ್ತದೆ?

ಹೊಸದು ಸಿಗುವುದಿಲ್ಲ ಎನ್ನಬೇಡ. ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಮುಂದಿನ ಚಕ್ರಗಳಿಗೆ ಇದೇ ಜೋಡಣೆಯನ್ನು ಇಟ್ಟುಕೊಂಡ ಕಾರು. ಅದನ್ನು ಪ್ರೀತಿಸುವವರು ಅಲ್ಲಿ ಇನ್ನೂ ಇರುವುದರಿಂದ ಟ್ರನಿಯನ್, ಲಿಂಕ್, ಬುಷ್ ಎಲ್ಲವನ್ನೂ ಈಗಲೂ ಹೊಸದಾಗಿ ಮಾಡುತ್ತಾರೆ. ಕಸ್ಟಮ್ಸ್ ಸುಂಕ ಚುಚ್ಚುತ್ತದೆ, ಚುಚ್ಚಲಿ. ಬಲಕ್ಕೂ ಎಡಕ್ಕೂ ಥ್ರೆಡ್ ವಿರುದ್ಧ ದಿಕ್ಕಿನದು, ನೋಡಿ ತರಿಸು. ಲಿಂಕನ್ನೂ ಬದಲಿಸು. ಹೊಸ ಕಂಚಿನೊಳಗೆ ಹಳೆಯ ಉಕ್ಕು ಹಾಕಿದರೆ ಅಜ್ಜನ ಕಾಲದ ತುಕ್ಕು ಅಲ್ಲೇ ಇರುತ್ತದೆ.

ಗುಜರಿ ಬೇಡವೆಂದಲ್ಲ. ನಮ್ಮದು ಮದ್ರಾಸಿನಲ್ಲಿ ಮಾಡಿದ ನಾಲ್ಕು ಬಾಗಿಲಿನ ಮಾರ್ಕ್ 3, 1968ರ ನಂತರದ್ದು. ಇಂಗ್ಲೆಂಡಿನಲ್ಲಿ ಹೆರಾಲ್ಡ್‌ಗೆ ನಾಲ್ಕು ಬಾಗಿಲು ಬರಲೇ ಇಲ್ಲ. ಹಿಂದಿನ ಬಾಗಿಲು, ಅದರ ಹಿಡಿ, ಕಿಟಕಿಯ ಗಾಜು ಬೇಕಾದರೆ ಚೆನ್ನೈನ ಪುದುಪೇಟೆಗೇ ಹೋಗಬೇಕು. ಬಾಗಿಲು ಹಳೆಯದಾದರೆ ಮಳೆ ಸೋರುತ್ತದೆ, ಅಷ್ಟೇ. ದುಡ್ಡು ಉಳಿಸುವುದಾದರೆ ಅಲ್ಲಿ ಉಳಿಸು.

ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಸ್ಪ್ಯಾನರ್ ಸೆಟ್ ಕೊಂಡೆ ಎಂದೆ. ಅದು ಮಿಲಿಮೀಟರಿನದು ತಾನೆ? ಹೆರಾಲ್ಡ್‌ನ ನಟ್ಟು ಬೋಲ್ಟೆಲ್ಲ ಇಂಚಿನ ಲೆಕ್ಕದವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂತಂತೆ ಕಾಣುತ್ತದೆ, ಜೋರಾಗಿ ಎಳೆದರೆ ಜಾರಿ ನಟ್ಟಿನ ಮೂಲೆ ತಿನ್ನುತ್ತದೆ, ನಿನ್ನ ಬೆರಳ ಗಂಟನ್ನೂ ತಿನ್ನುತ್ತದೆ. ಬೋಲ್ಟ್ ಕಳೆದರೆ ಈಗಿನ 8 ಮಿಲಿಮೀಟರಿನದನ್ನು ತುರುಕಬೇಡ. 5/16 ಇಂಚಿನ ತೂತಿಗೆ ಅದು ಮೊದಲು ಹೋದಂತೆ ನಟಿಸಿ, ಆಮೇಲೆ ಥ್ರೆಡ್ ಹರಿಯುತ್ತದೆ. ಯು.ಎನ್.ಎಫ್., ಅಂದರೆ ಇಂಚಿನ ಲೆಕ್ಕದ ನಯ ಥ್ರೆಡ್ಡಿನದು, ಎಂದೇ ಕೇಳಿ ಕೊಳ್ಳಬೇಕು. ಚಾಸಿಯಿಂದ ಬಾಡಿ ಬಿಚ್ಚುವ ಮೊದಲು ಬಾಗಿಲಿನ ತೆರಪಿಗೆ ಅಡ್ಡಪಟ್ಟಿ ಬೆಸೆಯಲು ಹೇಳು, ಇಲ್ಲದಿದ್ದರೆ ಮತ್ತೆ ಕೂರಿಸುವಾಗ ಬಾಗಿಲು ಮುಚ್ಚುವುದಿಲ್ಲ.

ಉಪದೇಶ ಶುರುವಾಯಿತು ಎನ್ನುತ್ತೀಯ. ಶುರುವಾಗಿದೆ, ಇನ್ನೂ ಸ್ವಲ್ಪ ಇದೆ. ದೀಪಾವಳಿಗೆ ಆ ಕಾರಿನಲ್ಲೇ ಬಂದು ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುತ್ತೇನೆ ಎಂದೆಯಲ್ಲ, ರಾತ್ರಿಯೆಲ್ಲ ಅದೇ ತಲೆಯಲ್ಲಿ ತಿರುಗಿತು. ಆ ಕಾರಿನ ನಾಲ್ಕೂ ಚಕ್ರದ ಬ್ರೇಕಿಗೆ ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಪೈಪು ಸೋರಿದರೆ ನಾಲ್ಕೂ ಹೋದವು. ಆದ್ದರಿಂದ ಪೈಪು, ಮಾಸ್ಟರ್ ಸಿಲಿಂಡರು, ವೀಲ್ ಸಿಲಿಂಡರು ಎಲ್ಲವೂ ಹೊಸದಾಗಬೇಕು. ಹಿಂದಿನ ಚಕ್ರಗಳದು ಇನ್ನೊಂದು ಚಾಳಿ: ತಿರುವಿನ ಮಧ್ಯೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಚಕ್ರ ಒಳಕ್ಕೆ ವಾಲಿ ಹಿಂಭಾಗ ಹೊರಳುತ್ತದೆ. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕು. ಮೊದಲ ಮಳೆಗಾಲ ಕಳೆಯುವವರೆಗೆ ಬೆಂಗಳೂರಿನ ಸಮತಟ್ಟು ರಸ್ತೆಯಲ್ಲಿ ಓಡಿಸು. ಘಾಟಿ ಎಲ್ಲಿಗೂ ಹೋಗುವುದಿಲ್ಲ.

ಆ ದೊಡ್ಡ ಬಾನೆಟ್ಟನ್ನು ಮುಂದಕ್ಕೆ ಮಗುಚಿ, ಟೈರಿನ ಮೇಲೆ ಕುಳಿತು ನೀನೊಬ್ಬಳೇ ಸಿಲಿಂಡರ್ ಹೆಡ್ ಬಿಚ್ಚುತ್ತಿದ್ದ ಫೋಟೋವನ್ನು ನಾನು ಕಾಫಿ ಡಿಪೋದಲ್ಲಿ ಎಲ್ಲರಿಗೂ ತೋರಿಸಿದೆ. ‘ಮಗಳೇ?’ ಎಂದರು. ‘ಮತ್ಯಾರು’ ಎಂದೆ. ಇದನ್ನು ಅಮ್ಮನಿಗೆ ಹೇಳಬೇಡ, ನಾನು ಈ ಕೆಲಸಕ್ಕೆ ವಿರೋಧ ಎಂದೇ ಅವಳು ನಂಬಿದ್ದಾಳೆ.

ಅಜ್ಜನ ಸ್ಪ್ಯಾನರ್ ಪೆಟ್ಟಿಗೆಯನ್ನು ಬಸ್ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. 7/16, 1/2, 9/16 ಮೂರೂ ಇವೆ. ರಸೀದಿಯ ಫೋಟೋ ಮೊಬೈಲಿಗೆ ಹಾಕಿದ್ದೇನೆ, ಶುಕ್ರವಾರದೊಳಗೆ ಹೋಗಿ ಬಿಡಿಸಿಕೋ. ಹೊಸ ಟ್ರನಿಯನ್ ಬಂದ ಮೇಲೆ ನೀನಾಗಿ ಕೂರಿಸಬೇಡ, ನಾನೇ ಬರುತ್ತೇನೆ. ಎಣ್ಣೆ ಮಾತ್ರ ನೀನು ತಂದಿಟ್ಟಿರು.

ಇಂತು,
ನಿನ್ನ ಅಪ್ಪ