ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸಿಲ್ಲ

ಮಾನ್ಯ ಸಂಪಾದಕರೇ,

ಹಾಸನದ ಹೊರವಲಯದ ಗಾರ್ಮೆಂಟ್ಸ್ ಒಂದರಲ್ಲಿ ನಾನು ಹೆಚ್.ಆರ್. ವಿಭಾಗ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಜನವೇ ಸಿಗುವುದಿಲ್ಲ ಎಂದು ಮಾಲೀಕರು ಗೊಣಗುತ್ತಾರೆ. ಸಿಗುತ್ತಾರೆ, ನಿಲ್ಲುವುದಿಲ್ಲ. ಹೊಲಿಗೆಯಲ್ಲಿ ಕೈ ಕುದುರುವಷ್ಟರಲ್ಲಿ ಬಿಟ್ಟು ಹೋಗುತ್ತಾರೆ. ರಾಜೀನಾಮೆ ಫಾರಂನಲ್ಲಿ ಎಲ್ಲರದೂ ಒಂದೇ ಕಾರಣ: ‘ಮನೆ ಕಡೆ ತೊಂದರೆ’.

ಕಳೆದ ವಾರ ಅರಕಲಗೂಡು ಕಡೆಯ ಹೆಣ್ಣುಮಗಳೊಬ್ಬಳನ್ನು ಕೂರಿಸಿಕೊಂಡು ಕೇಳಿದೆ. ‘ಓಟಿ ಮುಗಿಸೋ ಹೊತ್ತಿಗೆ ನಮ್ಮೂರ ಬಸ್ ಹೋಗಿರುತ್ತೆ ಮೇಡಂ. ಶುಂಠಿ ಕೀಳೋಕೆ ಹೋದ್ರೆ ಕತ್ತಲಾಗೋ ಮುಂಚೆ ಮನೇಲಿರ್ತೀನಿ, ಮಗೂನೂ ಜೊತೇಲಿರುತ್ತೆ’ ಎಂದಳು. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಟಿಕೆಟ್ ಉಚಿತ, ಸರಿ, ಹತ್ತಲು ಬಸ್ ಬೇಕಲ್ಲ?

ತಪ್ಪು ನಮ್ಮದೂ ಇದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ವ್ಯವಸ್ಥೆ ಇರಲೇಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಯಿತು. ನಮ್ಮಲ್ಲೂ ಒಂದು ಕೋಣೆ ಇದೆ. ತೊಟ್ಟಿಲ ತುಂಬ ರಟ್ಟಿನ ಡಬ್ಬಗಳು, ಆಯಾ ಇಲ್ಲ. (ತಪಾಸಣೆಯ ದಿನ ಡಬ್ಬಗಳು ಗೋದಾಮಿಗೆ ಹೋಗುತ್ತವೆ.) ಆಡಳಿತದವರಿಗೆ ಮೂರು ಸಲ ಬರೆದಿದ್ದೇನೆ.

ಸಂಬಂಧಪಟ್ಟವರು ಶಿಫ್ಟ್ ಬಿಡುವ ಸಮಯ ನೋಡಿಕೊಂಡು ಒಳಹಳ್ಳಿಗಳ ಕಡೆಗೆ ಸಂಜೆ ಒಂದೊಂದು ಬಸ್ ಬಿಡಲಿ. ಡಬ್ಬ ತೆಗೆಸುವ ಕೆಲಸ ನನ್ನದು.

– ಗಾರ್ಮೆಂಟ್ಸ್ ಉದ್ಯೋಗಿ, ಹಾಸನ