ಮೊದಲು ಗೋಡೆ ಯಾವುದು ಅಂತ ನೋಡಿ

ಮಾನ್ಯ ಸಂಪಾದಕರೇ,

ಗ್ರಾಫಿಟಿ, ಅಂದ್ರೆ ಗೋಡೆ ಮೇಲೆ ಬರೆಯೋ ಚಿತ್ರ, ಬರಹ, ಕಲೆನಾ ಇಲ್ಲ ಆಸ್ತಿ ಹಾಳು ಮಾಡೋ ಕೆಲಸನಾ ಅನ್ನೋ ವಾದ ಬಂದಾಗೆಲ್ಲ ಜನ ಚಿತ್ರ ಚೆನ್ನಾಗಿದ್ಯಾ ಇಲ್ವಾ ಅಂತ ಮಾತ್ರ ನೋಡ್ತಾರೆ, ನನ್ನ ಪ್ರಕಾರ ಮೊದಲು ನೋಡ್ಬೇಕಾಗಿರೋದು ಗೋಡೆನ.

ನಮ್ಮ ಶ್ರೀರಂಗಪಟ್ಟಣದ ಕೋಟೆ ಕಡೆ ಒಂದ್ಸಲ ಬನ್ನಿ. ಕೈಗೆ ಎಟುಕೋ ಕಡೆಯೆಲ್ಲ ಹೆಸರು, ಹಾರ್ಟು, ಬಾಣ. ಹಳೇ ಗಾರೆ ಮೆತ್ತಗಿರುತ್ತೆ, ಬೀಗದ ಕೈಯಲ್ಲಿ ಗೀಚಿದ್ರೂ ಪದರ ಎದ್ದು ಬರುತ್ತೆ, ಪೇಂಟ್ ಹೊಡೆದ್ರೆ ಒಳಕ್ಕೆ ಹೀರ್ಕೊಳ್ಳುತ್ತೆ, ಆಮೇಲೆ ತೆಗೆಯೋಣ ಅಂತ ವೈರ್ ಬ್ರಷ್ ಹಾಕಿ ಉಜ್ಜಿದ್ರೆ ಇನ್ನೂ ಹಾಳು, ಹೋಗಿದ್ದು ಹೋಯ್ತು ಅಷ್ಟೇ. ಟಿಪ್ಪುವಿನ ಅರಮನೆ ದರಿಯಾ ದೌಲತ್ ಗೋಡೆ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರನ ಬಾಯಿ ಬಿಟ್ಕೊಂಡು ನೋಡಿದ ಜನರೇ ಕೋಟೆಗೆ ಬಂದು ಹೆಸರು ಕೆತ್ತಿದ್ರೆ ಹೊಟ್ಟೆ ಉರಿಯಲ್ವಾ? ರಕ್ಷಿತ ಸ್ಮಾರಕ ಹಾಳು ಮಾಡಿದ್ರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ 2010ರಲ್ಲೇ ತಿದ್ದುಪಡಿ ಆಗಿದೆ. ಇಂಥ ಕಡೆ ಎಂಥ ದೊಡ್ಡ ಕಲಾವಿದ ಬಂದು ಬರೆದ್ರೂ ನಾನು ಒಪ್ಪಲ್ಲ.

ಆದ್ರೆ ಅದೇ ಕೋಪನ ಮೈಸೂರಿನ ರೋಡ್ ಪಕ್ಕದ ಸಿಮೆಂಟ್ ಕಾಂಪೌಂಡ್ ಮೇಲೆ ಚಿತ್ರ ಬರೆಯೋ ಹುಡುಗ ಹುಡುಗೀರ ಮೇಲೆ ತೋರಿಸ್ಬೇಡಿ. ಸಿಮೆಂಟ್ ಗೋಡೆಗೆ ಇನ್ನೊಂದು ಕೋಟ್ ಬಣ್ಣ ಹೊಡೆದ್ರೆ ಮುಗೀತು. ತೆರೆದ ಜಾಗ ವಿರೂಪ ಮಾಡೋದನ್ನ ತಡೆಯೋಕೆ ಅಂತ ನಮ್ಮ ರಾಜ್ಯದಲ್ಲಿ 1981ರ ಕಾಯ್ದೆ ಇದೆ, ಅದ್ರಲ್ಲಿ ಪರ್ಮಿಷನ್ ಇಲ್ದೆ ಬರೆಯೋದೂ ತಪ್ಪು, ಪೋಸ್ಟರ್ ಅಂಟಿಸೋದೂ ತಪ್ಪು. ಹಾಗಿದ್ಮೇಲೆ ಲೀಡರ್‌ಗಳ ಹುಟ್ಟುಹಬ್ಬದ ಪೋಸ್ಟರು, ಪೈಲ್ಸ್ ಚಿಕಿತ್ಸೆ, ಟ್ಯೂಷನ್ ಜಾಹೀರಾತು ಅಂಟಿಸೋರನ್ನ ಯಾಕೆ ಯಾರೂ ಕೇಳಲ್ಲ, ಬ್ರಷ್ ಹಿಡಿದೋರು ಮಾತ್ರ ಯಾಕೆ ಕಣ್ಣಿಗೆ ಬೀಳ್ತಾರೆ?

ನಮ್ಮ ಮೈಸೂರಿನವರೇ ಆದ, ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡಿಲಿ ಮೊಸಳೆ ಮಾಡಿ ಇಟ್ರಲ್ಲ, ಅದ್ರಿಂದ ಯಾರ ಆಸ್ತಿ ಹಾಳಾಯ್ತು? ಅದನ್ನ ನೋಡಿ ಅಧಿಕಾರಿಗಳು ಗುಂಡಿ ಮುಚ್ಚಿಸಿದ್ರು. ಅಂಥದ್ದಕ್ಕೆ ಮುಂಚೆನೇ ಅರ್ಜಿ ಹಾಕಿದ್ರೆ ಯಾವ ಆಫೀಸಲ್ಲಿ ಪರ್ಮಿಷನ್ ಕೊಡ್ತಾರೆ ಹೇಳಿ. ನ್ಯೂಯಾರ್ಕಿನಲ್ಲಿ ಓನರ್ ಒಪ್ಪಿಗೆ ಮೇಲೆನೇ ಬರೆದಿದ್ದ ಚಿತ್ರಗಳಿಗೆ 2013ರಲ್ಲಿ ಆ ಓನರ್ರೇ ಹೇಳದೆ ಕೇಳದೆ ಬಿಳಿ ಬಣ್ಣ ಬಳಿಸಿದ, 21 ಕಲಾವಿದರಿಗೆ 67 ಲಕ್ಷ ಡಾಲರ್ ಕೊಡಿ ಅಂತ 2018ರಲ್ಲಿ ಕೋರ್ಟ್ ಹೇಳ್ತು. ಅಲ್ಲಿ ಸ್ಪ್ರೇ ಪೇಂಟ್ ಚಿತ್ರಕ್ಕೂ ಅಷ್ಟು ಬೆಲೆ ಇದೆ. (ಯಾರದ್ದೋ ಮನೆ ಗೋಡೆ ಮೇಲೆ ಕೇಳದೆ ಬರೆಯೋದನ್ನ ನಾನು ಸರಿ ಅಂತಿಲ್ಲ, ಅದು ಬೇರೆ ಮಾತು.)

ಮೈಸೂರು ಪಾಲಿಕೆಯವರು ಯಾವ ಯಾವ ಗೋಡೆ ಬಿಡ್ತೀವಿ ಅಂತ ಪಟ್ಟಿ ಮಾಡಿ ಹಾಕ್ಲಿ, ಅಲ್ಲಿ ಕಾವಾ ಮಕ್ಕಳೇ ಆಗ್ಲಿ ಆಟೋ ಓಡಿಸೋ ಹುಡುಗನೇ ಆಗ್ಲಿ ಬರೀಲಿ, ಬರೀ ಸ್ವಚ್ಛತೆ ಸ್ಲೋಗನ್ ಮಾತ್ರ ಅಂತ ಷರತ್ತು ಹಾಕ್ಬೇಡಿ, ರಸ್ತೆ ಗುಂಡಿ ಬಗ್ಗೆ ನೀರಿನ ಬಗ್ಗೆ ಬರೆದ್ರೂ ಇರ್ಲಿ. ಕೋಟೆ ಹತ್ರ ಭಾನುವಾರ ರಜಾ ದಿನಗಳಲ್ಲಾದ್ರೂ ಗಾರ್ಡ್‌ಗಳನ್ನ ನಿಲ್ಸಿ, ಗೀಚೋರನ್ನ ಅಲ್ಲೇ ಹಿಡಿದು ದಂಡ ಹಾಕ್ಸಿ.

ಇಂತಿ,
ಒಬ್ಬ ಓದುಗ, ಶ್ರೀರಂಗಪಟ್ಟಣ